ಎರಡೂ ಕೈ ಬಟನ್ ಮೇಲೆ: ಒಂದು ಸಣ್ಣ ಪ್ರೆಸ್ಸಿನ ಒಡತಿ, ಅವರ ಫೋನು, ಅವರ ನಿದ್ದೆ

ಪ್ರೆಸ್ ಸಣ್ಣದು. ಒಂದು ಆಫ್‌ಸೆಟ್ ಮೆಷಿನ್, ಒಂದು ಡಿಜಿಟಲ್ ಪ್ರಿಂಟರ್, ಒಂದು ಕಟಿಂಗ್ ಮೆಷಿನ್, ಒಂದು ಲ್ಯಾಮಿನೇಶನ್ ಮೆಷಿನ್. ಕೆಲಸಕ್ಕೆ ನಾಲ್ಕು ಜನ: ಡಿಸೈನರ್ ಒಬ್ಬರು, ಮೆಷಿನ್ ಆಪರೇಟರ್ ಒಬ್ಬರು, ಫಿನಿಶಿಂಗ್‌ಗೆ ಇಬ್ಬರು. ಬಿಲ್ ಪುಸ್ತಕ, ಲೇಬಲ್, ಪ್ಯಾಕಿಂಗ್ ಡಬ್ಬಿ, ವಿಸಿಟಿಂಗ್ ಕಾರ್ಡ್ ಇವರ ನಿತ್ಯದ ಕೆಲಸ. ಒಡತಿಗೆ ನಲವತ್ತು ದಾಟಿದೆ. ಪ್ರೆಸ್ ಶುರುವಾಗಿ ಒಂಬತ್ತು ವರ್ಷ. ಆರ್ಡರ್‌ಗೆ ಬರವಿಲ್ಲ, ಸಾಲ ಮಿತಿಯಲ್ಲಿದೆ. ವ್ಯವಹಾರ ಕೆಟ್ಟಿರಲಿಲ್ಲ, ನಡೆಸುವವರ ಆರೋಗ್ಯ ಕೆಟ್ಟಿತ್ತು.

ಮೊದಲೇ ಹೇಳಿಬಿಡುತ್ತೇನೆ, ಇದು ಯಾರೋ ಒಬ್ಬರ ಯಥಾವತ್ ಕಥೆಯಲ್ಲ. ಸಣ್ಣ ಉದ್ದಿಮೆ ನಡೆಸುವವರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಪ್ರೆಸ್ಸಿನೊಳಗೆ ತಂದು ಕೂರಿಸಿದ್ದೇನೆ. ಯಾರ ಗುರುತೂ ಸಿಗಬಾರದು, ಅದಕ್ಕೆ. ನಡುವೆ ಬರುವ ಅಧ್ಯಯನಗಳು, ಅವುಗಳ ವರ್ಷ ಮತ್ತು ಅಂಕಿಗಳು ಮಾತ್ರ ನಿಜವಾದವು.

ಅವರ ಸ್ಥಿತಿ ಹೀಗಿತ್ತು. ರಾತ್ರಿ ಹನ್ನೆರಡಕ್ಕೆ ಮಲಗಿ ಐದೂವರೆಗೆ ಏಳುವುದು. ನಡುವೆ ಮೂರು ಗಂಟೆ ಸುಮಾರಿಗೆ ಒಮ್ಮೆ ಎಚ್ಚರ. ಎಚ್ಚರವಾದರೆ ಯಾರ ಬಾಕಿ ಬರಬೇಕು, ಯಾವ ಪೇಪರ್ ಸ್ಟಾಕ್ ಮುಗಿದಿದೆ ಅನ್ನುವ ಲೆಕ್ಕ. ವಾರದಲ್ಲಿ ಎರಡು ಮೂರು ಸಲ ತಲೆನೋವು. ಹಳೇ ಗಿರಾಕಿ ಬಾಗಿಲಲ್ಲಿ ಕಂಡರೆ ಖುಷಿಯಾಗುವ ಬದಲು ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ. ಮನೆಯಲ್ಲಿ ಮಗಳು ಮಾತಾಡುತ್ತಿರುವಾಗ ಮಧ್ಯದಲ್ಲಿ ನಿಲ್ಲಿಸಿ "ಅಮ್ಮಾ, ನಾನೇನಂದೆ ಹೇಳು ನೋಡೋಣ" ಅನ್ನುತ್ತಿದ್ದಳು. ಉತ್ತರ ಗೊತ್ತಿರುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ತನ್ನ ರೋಗ ವರ್ಗೀಕರಣದ ಹನ್ನೊಂದನೇ ಆವೃತ್ತಿಯಲ್ಲಿ ವಿವರಿಸಿತು. ಕಾಯಿಲೆ ಅಂತಲ್ಲ, ಕೆಲಸಕ್ಕೆ ಸಂಬಂಧಪಟ್ಟ ಒಂದು ಸ್ಥಿತಿ ಅಂತ. ಅದಕ್ಕೆ ಮೂರು ಲಕ್ಷಣ ಹೇಳಿದೆ: ಶಕ್ತಿ ಬತ್ತಿಹೋದ ಭಾವ, ಕೆಲಸದ ಮೇಲೆ ಬೇಸರ ಅಥವಾ ಅಸಡ್ಡೆ, ಮೊದಲಿನಷ್ಟು ಚೆನ್ನಾಗಿ ಮಾಡಲಾಗುತ್ತಿಲ್ಲ ಅನ್ನುವುದು. ಇವರಲ್ಲಿ ಮೂರೂ ಇದ್ದವು. ಮೂರನೆಯದು ಕಣ್ಣಿಗೆ ಬಿದ್ದದ್ದು ಒಂದು ಲೇಬಲ್ಲಿನಿಂದ.

ಹಳೇ ಗಿರಾಕಿ, ರಿಪೀಟ್ ಆರ್ಡರ್. ಲೇಬಲ್ ಅದೇ, ಫೋನ್ ನಂಬರ್ ಮಾತ್ರ ಹೊಸದು. "ಅಷ್ಟೇ ತಾನೇ, ನೀವೇ ನೋಡ್ಕೊಳ್ಳಿ ಮೇಡಂ" ಅಂದಿದ್ದರು. ರಾತ್ರಿ ಹತ್ತೂವರೆಗೆ ಡಿಸೈನರ್ ಪ್ರೂಫ್ ಅನ್ನು, ಅಂದರೆ ಪ್ರಿಂಟಿಗೆ ಮೊದಲು ತಪ್ಪು ನೋಡುವ ಮಾದರಿಯನ್ನು, ವಾಟ್ಸಾಪ್‌ಗೆ ಹಾಕಿದ. ಇವರು ಹಾಸಿಗೆಯಲ್ಲಿ ಕೂತು, ಇನ್ನೊಬ್ಬರಿಗೆ ರೇಟು ಕಳಿಸುತ್ತಾ, ಅರ್ಧ ನೋಡಿ ಓಕೆ ಅಂದರು. ನಂಬರಿನಲ್ಲಿ ಎರಡು ಅಂಕಿ ಅದಲು ಬದಲಾಗಿದ್ದವು. ಇಡೀ ಲಾಟ್ ಪ್ರಿಂಟ್ ಆಗಿ, ಲ್ಯಾಮಿನೇಶನ್ ಆಗಿ, ಕಟ್ ಆಗಿ ಗಿರಾಕಿಯ ಕೈ ಸೇರಿದ ಮೇಲೆ ಗೊತ್ತಾಯಿತು. ಮತ್ತೆ ಎಲ್ಲವನ್ನೂ ಪ್ರಿಂಟ್ ಮಾಡಿಕೊಟ್ಟರು. ಪೇಪರ್ ಹೋಯಿತು, ಮೆಷಿನ್ ಸಮಯ ಹೋಯಿತು, ಅದೇ ದಿನ ಕೊಡಬೇಕಿದ್ದ ಬೇರೆ ಎರಡು ಕೆಲಸ ಹಿಂದೆ ಬಿದ್ದವು. ಆದರೆ ಅವರನ್ನು ಕುಟುಕಿದ್ದು ಬೇರೆಯೇ. "ನಾನು ಆ ನಂಬರ್ ನೋಡಿದ್ದೇ ನೆನಪಿಲ್ಲ. ಓಕೆ ಅಂದಿದ್ದು ನೆನಪಿದೆ, ನೋಡಿದ್ದು ನೆನಪಿಲ್ಲ."

ಮೊದಲು ಹೋಗಿದ್ದು ಡಾಕ್ಟರ್ ಹತ್ತಿರ

ಇದನ್ನು ಉದ್ದ ಮಾಡುವುದಿಲ್ಲ, ಆದರೆ ಬಿಡುವ ಹಾಗೂ ಇಲ್ಲ. ತಲೆನೋವು, ಸುಸ್ತು, ಎದೆ ಬಡಿತ ಇದ್ದಾಗ ಧ್ಯಾನದಿಂದ ಶುರು ಮಾಡಬಾರದು. ಥೈರಾಯ್ಡ್, ರಕ್ತಹೀನತೆ, ಬಿಪಿ, ಖಿನ್ನತೆ ಎಲ್ಲವೂ ಮೇಲಿಂದ ನೋಡಿದರೆ "ಕೆಲಸ ಜಾಸ್ತಿಯಾಗಿದೆ" ಅನ್ನುವ ಹಾಗೇ ಕಾಣುತ್ತವೆ. ಇವರಿಗೆ ಬಿಪಿ ಸ್ವಲ್ಪ ಮೇಲಿತ್ತು, ಉಳಿದದ್ದು ಸರಿಯಿತ್ತು. ಮನೆಯಲ್ಲೇ ಬಿಪಿ ಅಳೆದು ಬರೆದಿಡಲು ಹೇಳಿದರು. ನಿದ್ದೆ ಸರಿ ಮಾಡಿಕೊಳ್ಳಿ, ಕೆಲಸದ ಗಂಟೆ ಕಡಿಮೆ ಮಾಡಿ ಅಂತಲೂ ಹೇಳಿದರು. ಎರಡನೆಯ ಮಾತನ್ನು ಎಲ್ಲ ಡಾಕ್ಟರೂ ಹೇಳುತ್ತಾರೆ. ಹೇಗೆ ಅಂತ ಹೇಳಲು ಅವರ ಹತ್ತಿರ ಸಮಯ ಇರುವುದಿಲ್ಲ, ಅದು ಅವರ ಕೆಲಸವೂ ಅಲ್ಲ.

ಕೆಲಸದ ಗಂಟೆಯ ಮಾತು ಸುಮ್ನೆ ಹೇಳಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಸೇರಿ ಹೊರತಂದ ಲೆಕ್ಕದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಇವರು ತಮ್ಮದು ಐವತ್ತು ಗಂಟೆ ಅಂದುಕೊಂಡಿದ್ದರು. ಮನೆಯಲ್ಲಿ ಫೋನ್ ಹಿಡಿದ ಹೊತ್ತನ್ನೂ ಸೇರಿಸಿದರೆ ಎಪ್ಪತ್ತರ ಹತ್ತಿರ ಹೋಗುತ್ತಿತ್ತು.

ಬೆಳಗಿನ ಜಾವದ ಧ್ಯಾನ

ಅವರೇ ಮೊದಲು ಕಂಡುಕೊಂಡ ದಾರಿ ಒಂದು ಆ್ಯಪ್. ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಎದ್ದು ಮುಕ್ಕಾಲು ಗಂಟೆ ಕೂರುವುದು. ಮುಕ್ಕಾಲು ಗಂಟೆ ಎಲ್ಲಿಂದ ಬಂತು ಅಂದರೆ, ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶುರು ಮಾಡಿದ ಎಂಟು ವಾರದ ಕಾರ್ಯಕ್ರಮದಲ್ಲಿ ಮನೆಯಲ್ಲಿ ಮಾಡಬೇಕಾದ ಅಭ್ಯಾಸದ ಅವಧಿ ಸುಮಾರು ಅಷ್ಟು. ಈಗ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದಕ್ಕೆ ಗಮನ ಕೊಡುವ ಅಭ್ಯಾಸ) ಹೆಸರಿನಲ್ಲಿ ಸಿಗುವ ಬಹಳಷ್ಟಕ್ಕೆ ಮೂಲ ಆ ಕಾರ್ಯಕ್ರಮವೇ. ಆದರೆ ಅದನ್ನು ರೂಪಿಸಿದ್ದು ಬಹುಕಾಲದ ನೋವು, ಒತ್ತಡ ಇದ್ದ ರೋಗಿಗಳಿಗೆ. ವಾರಕ್ಕೊಮ್ಮೆ ಗುಂಪಿನಲ್ಲಿ ಕೂರಿಸಿ, ಪಕ್ಕದಲ್ಲಿ ಕಲಿಸುವವರಿದ್ದು ಮಾಡಿಸುತ್ತಿದ್ದರು. ಒಬ್ಬರೇ, ಕತ್ತಲಲ್ಲಿ, ನಿದ್ದೆ ಕಡಿದುಕೊಂಡು ಮಾಡಲಿ ಅಂತ ಅಲ್ಲ.

ಎರಡು ವಾರದಲ್ಲಿ ಸುಸ್ತು ಜಾಸ್ತಿಯಾಯಿತು. ಆಗದೆ ಇನ್ನೇನು? ಐದೂವರೆ ಗಂಟೆಯ ನಿದ್ದೆಯಲ್ಲಿ ಮುಕ್ಕಾಲು ಗಂಟೆ ಕಡಿದರೆ ಉಳಿಯುವುದು ಐದು ಗಂಟೆಗೂ ಕಡಿಮೆ. 2003ರಲ್ಲಿ ಪ್ರಕಟವಾದ ವ್ಯಾನ್ ಡಾಂಗೆನ್ ಮತ್ತು ಸಂಗಡಿಗರ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಹದಿನಾಲ್ಕು ದಿನ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನ, ಚುರುಕು ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟದವರೆಗೂ ಕುಸಿದಿತ್ತು. ಇದಕ್ಕಿಂತ ಮುಖ್ಯವಾದದ್ದು, ತಾವು ಅಷ್ಟು ಮಂಕಾಗಿದ್ದೇವೆ ಅನ್ನುವುದು ಅವರಿಗೇ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. "ನನಗೆ ಐದು ಗಂಟೆ ಸಾಕು, ರೂಢಿಯಾಗಿದೆ" ಅನ್ನುವ ಮಾತನ್ನು ಸಣ್ಣ ಉದ್ದಿಮೆಯವರ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ!

ಇನ್ನೊಂದು ತೊಂದರೆಯೂ ಇತ್ತು. ಆ್ಯಪ್‌ನಲ್ಲಿ ಉಸಿರು, ಎದೆ, ಹೊಟ್ಟೆ ಅಂತ ಗಮನ ಒಳಗೆ ತರಲು ಹೇಳುತ್ತಿದ್ದರು. ಎದೆ ಬಡಿತಕ್ಕೆ ಮೊದಲೇ ಹೆದರಿದ್ದ ಇವರಿಗೆ ಅದರಿಂದ ದಿಗಿಲು ಹೆಚ್ಚಾಯಿತು. ಹೀಗಾಗುವುದು ಅಪರೂಪವೇನಲ್ಲ. ಅಂಥವರಿಗೆ ಪಾದ ನೆಲಕ್ಕೆ ತಾಗುವುದು, ಹೊರಗಿನ ಸದ್ದು, ಕೈಯಲ್ಲಿರುವ ವಸ್ತು ಇವೇ ಒಳ್ಳೆಯ ಆಸರೆ. ಬೆಳಗಿನ ಜಾವದ ಧ್ಯಾನ ನಿಂತಿತು. ನಿಲ್ಲಿಸಬೇಕಾಗಿ ಬಂದಾಗ ಅವರಿಗೆ ಸ್ವಲ್ಪ ಅವಮಾನವಾಯಿತು, ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಇನ್ನೊಂದು ಕೆಲಸ ಸೋತಂತೆ. ಸ್ವಂತ ಆರೈಕೆ ಅನ್ನುವುದೂ ಒಂದು ಟಾರ್ಗೆಟ್ ಆಗಿಬಿಟ್ಟಿತ್ತು, ಅದೇ ವಿಚಿತ್ರ.

ಗೆರೆ ಎಳೆದ ವಾರ

ಆಮೇಲೆ ಮಾಡಿದ್ದು ತೀರಾ ಸಾದಾ ಕೆಲಸ. ಜೇಬಿಗೆ ಹಿಡಿಯುವ ಒಂದು ಪುಸ್ತಕ, ವೇಸ್ಟ್ ಪೇಪರ್ ಕಟ್ ಮಾಡಿ ಪಿನ್ ಹೊಡೆದದ್ದು. ಪ್ರೆಸ್ಸಿನಲ್ಲಿ ಅದಕ್ಕೇನು ಕೊರತೆ. ಫೋನಿಗೆ ಕೈ ಹೋದಾಗಲೆಲ್ಲ, ಅಥವಾ ಯಾರಾದರೂ ಬಂದು "ಮೇಡಂ" ಅಂದಾಗಲೆಲ್ಲ ಒಂದು ಗೆರೆ. ಗೆರೆಯ ಮುಂದೆ ಎರಡೇ ಮಾತು: ಏನು ಕೇಳಿದರು, ಮೈಗೆ ಏನನ್ನಿಸಿತು. ಬದಲಾಯಿಸಬೇಕಾಗಿಲ್ಲ, ಉತ್ತರ ಕೊಡಬೇಡಿ ಅಂತಲೂ ಇಲ್ಲ. ನೋಡಿ ಬರೆಯುವುದಷ್ಟೇ.

ನನ್ನ ಪ್ರಕಾರ ಈ ಪ್ರಕರಣದಲ್ಲಿ ಮೈಂಡ್‌ಫುಲ್‌ನೆಸ್ ನಿಜವಾಗಿ ಶುರುವಾದದ್ದು ಇಲ್ಲಿಂದ. ಕಣ್ಣು ಮುಚ್ಚಿ ಕೂತಿದ್ದಾಗ ಅಲ್ಲ. ಆಗುತ್ತಿರುವುದನ್ನು ಆಗುತ್ತಿರುವಾಗಲೇ, ಸರಿ ತಪ್ಪು ಅನ್ನದೆ ನೋಡುವುದು ತಾನೇ ಅದರ ತಿರುಳು? ಅದಕ್ಕೆ ಚಾಪೆ ಬೇಕಿಲ್ಲ.

ಒಂದು ಪುಟದ ಮಾದರಿ ಹೀಗಿತ್ತು. "ನನ್ನ ಕೆಲಸ ಯಾವಾಗ ರೆಡಿ? – ಭುಜ ಬಿಗಿ." "ಮೇಡಂ, ಈ ಕೆಂಪು ನಡೆಯುತ್ತಾ? – ಸಿಟ್ಟು." "ರೆಡಿ ಆಯ್ತಾ? – ಭುಜ." "ಯಾರೂ ಕರೆದಿಲ್ಲ, ಸುಮ್ನೆ ನೋಡಿದೆ – ಏನೂ ಇಲ್ಲ." "ಡೆಲಿವರಿ ನಾಳೆನಾ? – ಭುಜ." "ಮೇಡಂ, ಪೇಪರ್ ಎರಡು ರೀಮ್ ಸಾಕಾ? – ಗೊತ್ತಿದ್ದೂ ಯಾಕೆ ಕೇಳ್ತಾರೆ."

ವಾರದ ಕೊನೆಗೆ ಪುಸ್ತಕ ತೆರೆದಾಗ ಅವರಿಗೇ ಆಶ್ಚರ್ಯ. ಕಷ್ಟದ ಗಿರಾಕಿಗಳು, ಬೆಲೆ ಜಗ್ಗಾಡುವವರು ತಮ್ಮ ಜೀವ ಹಿಂಡುತ್ತಿದ್ದಾರೆ ಅಂತ ಅವರು ನಂಬಿದ್ದರು. ಅಂಥ ಗೆರೆಗಳು ಬೆರಳೆಣಿಕೆ. ಅರ್ಧಕ್ಕಿಂತ ಜಾಸ್ತಿ ಗೆರೆಗಳ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ನನ್ನ ಕೆಲಸ ಎಲ್ಲಿಗೆ ಬಂತು? ಉಳಿದವುಗಳಲ್ಲಿ ಹೆಚ್ಚಿನವು ಕೆಲಸದವರು ತಮಗೇ ಉತ್ತರ ಗೊತ್ತಿರುವುದನ್ನು ಬಂದು ಕೇಳಿದ್ದು. ಇನ್ನೊಂದಷ್ಟು ಯಾರೂ ಕರೆಯದೆ ತಾವೇ ಫೋನ್ ತೆಗೆದು ನೋಡಿದ್ದು.

ಒಂದೊಂದೂ ಅರ್ಧ ನಿಮಿಷದ ಕೆಲಸ, ಅದರಿಂದೇನು ಅನ್ನಿಸಬಹುದು. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ ಸಂಗತಿ ಒಂದಿದೆ. ಒಂದು ಕೆಲಸ ಮುಗಿಸದೆ ಇನ್ನೊಂದಕ್ಕೆ ಹಾರಿದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ, ಹೊಸ ಕೆಲಸ ಅಷ್ಟರ ಮಟ್ಟಿಗೆ ಕೆಡುತ್ತದೆ. ಲೇಬಲ್ಲಿನ ಫೋನ್ ನಂಬರ್ ತಪ್ಪಿದ್ದು ಹೀಗೇ. ಕಣ್ಣು ಪ್ರೂಫ್ ಮೇಲೆ, ಮನಸ್ಸು ರೇಟಿನ ಮೇಲೆ.

ಗೆರೆ ಇಲ್ಲದ ಜಾಗ

ಪುಸ್ತಕದಲ್ಲಿ ಇನ್ನೊಂದು ವಿಷಯ ಕಂಡಿತು, ಅದು ಇಲ್ಲದೆ ಇದ್ದದ್ದರಿಂದ ಕಂಡಿದ್ದು. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಎಷ್ಟೋ ದಿನ ಗೆರೆಯೇ ಇಲ್ಲ. ಆ ಹೊತ್ತಿನಲ್ಲಿ ಅವರು ಕಟಿಂಗ್ ಮೆಷಿನ್ ಹತ್ತಿರ ಇರುತ್ತಿದ್ದರು. ಆಪರೇಟರ್ ಆಫ್‌ಸೆಟ್ ನೋಡಿಕೊಳ್ಳುತ್ತಿದ್ದುದರಿಂದ ಕಟಿಂಗ್ ಇವರ ಪಾಲಿಗೆ ಬಂದಿತ್ತು. ಒಡತಿ ಮಾಡುವ ಕೆಲಸವಲ್ಲ, ಇನ್ನೊಬ್ಬರನ್ನು ಇಟ್ಟುಕೊಂಡು ಇದನ್ನು ಬಿಟ್ಟುಬಿಡಬೇಕು ಅಂತ ವರ್ಷಗಳಿಂದ ಅಂದುಕೊಳ್ಳುತ್ತಿದ್ದರು.

ಪ್ರೆಸ್ಸಿನ ಕಟಿಂಗ್ ಮೆಷಿನ್ ನೋಡಿದವರಿಗೆ ಗೊತ್ತಿರುತ್ತದೆ. ಬ್ಲೇಡ್ ಇಳಿಯಬೇಕಾದರೆ ಎರಡು ಬಟನ್ ಒಟ್ಟಿಗೆ ಒತ್ತಬೇಕು. ಎರಡೂ ದೂರ ದೂರ ಇರುತ್ತವೆ, ಒಂದು ಕೈಯಲ್ಲಿ ಆಗದ ಹಾಗೆ. ಬ್ಲೇಡ್ ಕೆಳಗೆ ಕೈ ಸಿಗಬಾರದು ಅಂತ ಮಾಡಿರುವ ಏರ್ಪಾಡು. ಪೇಪರ್ ಕಟ್ಟನ್ನು ತಟ್ಟಿ ಅಂಚು ಕೂಡಿಸಬೇಕು, ಹಿಂದಿರುವ ಅಳತೆಯ ತಡೆಪಟ್ಟಿಗೆ (ಗೇಜ್) ಒತ್ತಿ ಇಡಬೇಕು, ಅಳತೆ ನೋಡಬೇಕು, ಕೈ ಹಿಂದೆ ತೆಗೆದು ಎರಡೂ ಬಟನ್ ಮೇಲೆ ಇಡಬೇಕು. ಪೇಪರ್ ಅದುಮಿ ಹಿಡಿಯುವ ಕ್ಲ್ಯಾಂಪ್ ಇಳಿಯುತ್ತದೆ, ಬ್ಲೇಡ್ ಇಳಿಯುತ್ತದೆ, ಮೇಲೇಳುತ್ತದೆ. ಫೋನ್ ಹಿಡಿಯಲು ಮೂರನೇ ಕೈ ಇಲ್ಲ.

ಆ ಒಂದು ಗಂಟೆಯಲ್ಲಿ ಭುಜ ಸಡಿಲವಾಗಿರುತ್ತಿತ್ತು. ತಲೆನೋವು ಇದ್ದರೂ ಮರೆತುಹೋಗುತ್ತಿತ್ತು. ಅವರೇ ಹೇಳಿದರು, "ಅಲ್ಲಿ ಯಾರೂ ಬಂದು ಕರೆಯಲ್ಲ. ಬ್ಲೇಡ್ ಹತ್ತಿರ ಇದ್ದಾಗ ಕರೀಬಾರ್ದು ಅಂತ ನಾನೇ ಎಲ್ಲರಿಗೂ ಹೇಳಿಟ್ಟಿದ್ದೀನಿ."

ಅಲ್ವಾ? ಬೆರಳು ಹೋಗುವ ಭಯ ಇದ್ದ ಕಡೆ ಅವರು ನಿಯಮ ಮಾಡಿದ್ದರು, ಎಲ್ಲರೂ ಪಾಲಿಸುತ್ತಿದ್ದರು, ಒಬ್ಬ ಗಿರಾಕಿಯೂ ಅದರಿಂದ ಓಡಿಹೋಗಿರಲಿಲ್ಲ. ಕಟಿಂಗ್ ಬಿಡುವ ಯೋಚನೆ ಕೈಬಿಟ್ಟರು. ಅದರ ಬದಲು ಕೇಳಿದ ಪ್ರಶ್ನೆ: ಪ್ರೂಫ್ ನೋಡುವಾಗ, ಲೆಕ್ಕ ಬರೆಯುವಾಗ, ಮನೆಯಲ್ಲಿರುವಾಗ ಇದೇ ನಿಯಮ ಯಾಕಿಲ್ಲ?

ಬದಲಾದದ್ದು

ಪ್ರೂಫ್‌ನಿಂದ ಶುರುವಾಯಿತು. ರಾತ್ರಿ ಪ್ರೂಫ್ ನೋಡುವುದು ಬಂದ್. ದಿನಕ್ಕೆ ಎರಡು ಹೊತ್ತು ನಿಗದಿ, ಫೋನ್ ಡಿಸೈನರ್ ಮೇಜಿನ ಡ್ರಾಯರ್‌ನಲ್ಲಿ. ಪ್ರೂಫ್ ಕಾಗದದ ಮೇಲೆ ಪ್ರಿಂಟ್ ತೆಗೆದು, ಅಂಕಿಗಳನ್ನು ಒಬ್ಬರು ಒಂದೊಂದಾಗಿ ಜೋರಾಗಿ ಓದುವುದು, ಇನ್ನೊಬ್ಬರು ಮೂಲದಲ್ಲಿ ಬೆರಳಿಟ್ಟು ನೋಡುವುದು. ಮುದ್ರಣದ ಹಳೇ ಪದ್ಧತಿ ಇದು, ಅವಸರದಲ್ಲಿ ಬಿಟ್ಟುಹೋಗಿತ್ತು. ಓದುವುದಕ್ಕೆ ಮೊದಲು ಮೂರು ನಿಧಾನದ ಉಸಿರು, ಪಾದ ನೆಲದ ಮೇಲೆ. ಡಿಸೈನರ್‌ಗೆ ಮೊದಮೊದಲು ನಗು ಬರುತ್ತಿತ್ತು.

"ಎಲ್ಲಿಗೆ ಬಂತು" ಅನ್ನುವ ಪ್ರಶ್ನೆಗೆ ಉಸಿರಾಟದಿಂದ ಪರಿಹಾರವಿಲ್ಲ. ಆರ್ಡರ್ ತೆಗೆದುಕೊಳ್ಳುವಾಗಲೇ ಜಾಬ್ ಕಾರ್ಡ್, ಅಂದರೆ ಆ ಕೆಲಸದ ವಿವರದ ಚೀಟಿಯ ಮೇಲೆ ತಾರೀಖು ಬರೆದು ಅದರ ಫೋಟೋ ಗಿರಾಕಿಗೆ ಕಳಿಸತೊಡಗಿದರು. ಪ್ರೂಫ್ ಒಪ್ಪಿದಾಗ ಒಂದು ಮೆಸೇಜ್, ಪ್ರಿಂಟ್ ಮುಗಿದಾಗ ಒಂದು, ರೆಡಿಯಾದಾಗ ಒಂದು. ಕಳಿಸುವುದು ಫಿನಿಶಿಂಗ್‌ನವರು, ಇವರಲ್ಲ. ಕೇಳುವ ಮೊದಲೇ ಉತ್ತರ ಹೋದರೆ ಜನ ಕೇಳುವುದಿಲ್ಲ. ಗಿರಾಕಿ ಫೋನ್ ಮಾಡುತ್ತಿದ್ದದ್ದು ಗೊತ್ತಾಗದೆ ಇದ್ದುದಕ್ಕೆ, ಕಾಟ ಕೊಡಲಿಕ್ಕಲ್ಲ. ಇದು ಕಂಡಮೇಲೆ ಬಾಗಿಲಲ್ಲಿ ಗಿರಾಕಿ ಬಂದಾಗಿನ ಹೊಟ್ಟೆ ಹಿಂಡುವಿಕೆ ಅರ್ಧ ಇಳಿಯಿತು ಅಂತ ಅವರು ಹೇಳುತ್ತಾರೆ.

ಕಷ್ಟವಾದದ್ದು ಕೆಲಸದವರ ವಿಷಯ. ಒಂದು ಮಿತಿ ಗೊತ್ತುಮಾಡಿದರು: ಇಷ್ಟು ಮೊತ್ತದೊಳಗಿನ ತೀರ್ಮಾನಕ್ಕೆ ನನ್ನನ್ನು ಕೇಳಬೇಡಿ. ಪೇಪರ್ ತರಿಸುವುದು, ಬಣ್ಣ ಸ್ವಲ್ಪ ಹೆಚ್ಚು ಕಡಿಮೆ ಮಾಡುವುದು, ಸಣ್ಣ ತಪ್ಪಾದರೆ ಮತ್ತೆ ಪ್ರಿಂಟ್ ತೆಗೆಯುವುದು, ಎಲ್ಲ ನೀವೇ. ಆಪರೇಟರ್‌ಗೆ ಖುಷಿಯಾಯಿತು, ಅವರು ಇದಕ್ಕೇ ಕಾದಿದ್ದರು. ಡಿಸೈನರ್‌ಗೆ ಆಗಲಿಲ್ಲ. "ತಪ್ಪಾದರೆ ಬೈಗುಳ ನನಗೆ ಬೀಳುತ್ತೆ, ಕೇಳಿದರೆ ನಿಮಗೆ ಬೀಳುತ್ತೆ ಮೇಡಂ, ಅದಕ್ಕೇ ಕೇಳ್ತೀನಿ" ಅಂದ. ನೇರ ಮಾತು. ಗೊತ್ತಿದ್ದೂ ಯಾಕೆ ಕೇಳ್ತಾರೆ ಅಂತ ಪುಸ್ತಕದಲ್ಲಿ ಬರೆದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಿಂದೆ ತಪ್ಪಾದಾಗಲೆಲ್ಲ ಇವರು ಎಲ್ಲರೆದುರು ರೇಗುತ್ತಿದ್ದರು.

ಪರೀಕ್ಷೆ ಬೇಗನೇ ಬಂತು. ಹೊಳೆಯುವ ಗ್ಲಾಸಿ ಲ್ಯಾಮಿನೇಶನ್ ಬೇಕಿದ್ದ ಡಬ್ಬಿಗೆ ಫಿನಿಶಿಂಗ್‌ನವರು ಹೊಳಪಿಲ್ಲದ ಮ್ಯಾಟ್ ಹಾಕಿಬಿಟ್ಟರು, ಯಾರನ್ನೂ ಕೇಳದೆ. ಹಳೇ ದಿನಗಳಾಗಿದ್ದರೆ ಅಂದೇ ಎಲ್ಲ ಅಧಿಕಾರ ವಾಪಸ್ ಇವರ ಕೈಗೆ. ಇವರ ಮಾತಿನಲ್ಲೇ ಹೇಳುವುದಾದರೆ, "ಬಾಯಿ ತುದಿಗೆ ಬಂದಿತ್ತು. ಕಿವಿ ಬಿಸಿಯಾಗಿದ್ದು ಗೊತ್ತಾಯ್ತು. ಹೋಗಿ ಕಟಿಂಗ್ ಮೆಷಿನ್ ಹತ್ತಿರ ನಿಂತೆ." ಹತ್ತು ನಿಮಿಷ ಬಿಟ್ಟು ಬಂದು ಕೇಳಿದ್ದು ಒಂದೇ: ಕಾರ್ಡಿನಲ್ಲಿ ಏನು ಬರೆದಿತ್ತು? ಕಾರ್ಡಿನಲ್ಲಿ ಲ್ಯಾಮಿನೇಶನ್ ಅಂತ ಇತ್ತು, ಯಾವುದು ಅಂತ ಇರಲಿಲ್ಲ. ಕಾರ್ಡಿಗೆ ಎರಡು ಚೌಕ ಸೇರಿತು, ಗ್ಲಾಸಿ, ಮ್ಯಾಟ್, ಟಿಕ್ ಮಾಡಲು. ಸಿಟ್ಟು ಬಂದದ್ದು ಬಂದಾಗಲೇ ಗೊತ್ತಾದರೆ ಅದನ್ನು ಎಲ್ಲಿ ಇಡಬೇಕು ಅನ್ನುವುದಕ್ಕೆ ಸ್ವಲ್ಪ ಹೊತ್ತು ಸಿಗುತ್ತದೆ. ಅಷ್ಟು ದಿನದ ಗೆರೆ ಎಳೆಯುವ ಅಭ್ಯಾಸದ ಫಲ ಇದು, ನನಗೆ ಅದರಲ್ಲಿ ಅನುಮಾನವಿಲ್ಲ.

ಮೂರು ಗಂಟೆಯ ಎಚ್ಚರ

ರಾತ್ರಿಯ ಲೆಕ್ಕಾಚಾರ ಇಷ್ಟಕ್ಕೆಲ್ಲ ಬಗ್ಗಲಿಲ್ಲ. ಅದರ ಮೂಲ ಹಣ. ಬಾಕಿಯ ಚಿಂತೆಯನ್ನು "ಯೋಚನೆ ಬಂದು ಹೋಗಲಿ, ಮೋಡದ ಹಾಗೆ ನೋಡಿ" ಅಂತ ಹೇಳಿದರೆ ಸಂಬಳದ ದಿನ ಹತ್ತಿರ ಬಂದವರಿಗೆ ಸಿಟ್ಟು ಬರುತ್ತದೆ, ನ್ಯಾಯವಾಗಿಯೇ.

ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಉಪಯೋಗದ ಮಾತಿದೆ. ಮುಗಿಯದ ಕೆಲಸ ತಲೆಯೊಳಗೆ ನುಗ್ಗಿ ನುಗ್ಗಿ ಬರುತ್ತದೆ. ಅದನ್ನು ಮುಗಿಸಲೇಬೇಕಾಗಿಲ್ಲ. ಯಾವಾಗ, ಹೇಗೆ ಮಾಡುತ್ತೇನೆ ಅಂತ ನಿಖರವಾಗಿ ಗೊತ್ತುಮಾಡಿಕೊಂಡರೆ ಸಾಕು, ನುಗ್ಗುವುದು ನಿಲ್ಲುತ್ತದೆ. ಇವರಿಗೆ ಗುರುವಾರ ಮಧ್ಯಾಹ್ನದ ಒಂದು ಗಂಟೆ ಹಣಕ್ಕೆ ಮೀಸಲಾಯಿತು. ಮುಂದಿನ ಹದಿಮೂರು ವಾರ ಅಡ್ಡಕ್ಕೆ, ಬರುವ ಹಣ ಮೇಲೆ, ಹೋಗುವ ಹಣ ಕೆಳಗೆ, ವಾರದ ಕೊನೆಗೆ ಉಳಿಯುವುದು ಎಷ್ಟು. ಲೆಕ್ಕಪತ್ರದವರು ಬಹಳ ಕಾಲದಿಂದ ಬಳಸುವ ಹಾಳೆ ಇದು. ತೆರಿಗೆಯ ದುಡ್ಡನ್ನು ಬೇರೆ ಖಾತೆಗೆ ಅಂದಂದೇ ತೆಗೆದಿಡತೊಡಗಿದರು. ಮೊದಲ ಬಾರಿಗೆ ತಮಗೂ ಒಂದು ಸಂಬಳ ಗೊತ್ತುಮಾಡಿದರು. ಒಂಬತ್ತು ವರ್ಷ ಉಳಿದದ್ದನ್ನು ತೆಗೆದುಕೊಂಡಿದ್ದರು, ಉಳಿಯದ ತಿಂಗಳು ಇಲ್ಲ. ಸ್ವಂತ ಆರೈಕೆಯ ಬಗ್ಗೆ ಬರೆಯುವವರು ಈ ಒಂದು ಸಂಗತಿಯನ್ನು ಯಾಕೆ ಬಿಡುತ್ತಾರೋ. ನನಗಂತೂ ಸುಗಂಧದ ದೀಪಕ್ಕಿಂತ ಇದೇ ಮೇಲು.

ಹಾಳೆ ಬರೆದಾಗ ಏಳನೇ ವಾರದಲ್ಲಿ ಹಣ ಸಾಲದು ಅಂತ ಕಂಡಿತು. ಅದು ಕೆಟ್ಟ ಸುದ್ದಿ. ಆದರೆ ಏಳು ವಾರ ಮೊದಲು ಗೊತ್ತಾದ ಕೆಟ್ಟ ಸುದ್ದಿ. ಇಬ್ಬರು ಬಾಕಿದಾರರಿಗೆ ಫೋನ್ ಮಾಡಿದರು, ಹೊಸ ಆರ್ಡರ್‌ಗೆ ಅರ್ಧ ಅಡ್ವಾನ್ಸ್ ಕೇಳತೊಡಗಿದರು.

ಮಲಗುವ ಮೊದಲು ಐದು ನಿಮಿಷ ನಾಳೆಯ ಕೆಲಸ ಬರೆಯುವುದೂ ಸೇರಿಕೊಂಡಿತು. ಮೈಕಲ್ ಸ್ಕಲ್ಲಿನ್ ಮತ್ತು ಸಂಗಡಿಗರು 2018ರಲ್ಲಿ 57 ಯುವಜನರ ಮೇಲೆ ಮಾಡಿದ ಪ್ರಯೋಗ ಇದೆ. ಮಲಗುವ ಮುಂಚೆ ಮುಂದಿನ ದಿನಗಳ ಕೆಲಸದ ಪಟ್ಟಿ ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ಪಟ್ಟಿ ಎಷ್ಟು ವಿವರವಾಗಿದ್ದರೆ ಅಷ್ಟು ಬೇಗ. ಚಿಕ್ಕ ಪ್ರಯೋಗ, ಚಿಕ್ಕ ಲಾಭ, ಖರ್ಚಿಲ್ಲ. ಆದರೆ ಬರೆಯುವುದು ಕಾಗದದ ಮೇಲೆ. ಫೋನಿನಲ್ಲಿ ಬರೆಯಲು ಹೋದರೆ ಅಲ್ಲೇ ಒಂದು "ರೆಡಿ ಆಯ್ತಾ" ಕಾಯುತ್ತಿರುತ್ತದೆ.

ಕೂರುವ ಅಭ್ಯಾಸ ವಾಪಸ್ ಬಂತು, ಚಿಕ್ಕದಾಗಿ

ಮೂರು ತಿಂಗಳ ನಂತರ ಅವರೇ ಮತ್ತೆ ಧ್ಯಾನ ಶುರು ಮಾಡಿದರು. ದಿನಕ್ಕೆ ಹತ್ತು ನಿಮಿಷ, ಕುರ್ಚಿಯ ಮೇಲೆ, ಕಣ್ಣು ಅರ್ಧ ತೆರೆದು. ಗಮನ ಪಾದದ ಮೇಲೆ, ಆಫ್‌ಸೆಟ್ ಮೆಷಿನ್ ಸದ್ದಿನ ಮೇಲೆ. ಮೊದಲು ಬೆಳಿಗ್ಗೆ ಪ್ರೆಸ್ ತೆಗೆದ ಕೂಡಲೇ ಕೂರುತ್ತಿದ್ದರು. ಆಮೇಲೆ ಒಂದು ವಿಷಯ ಗಮನಿಸಿದರು: ಕೂತು ಎದ್ದ ಮೇಲೆ ಬಾಕಿ ವಸೂಲಿ ಫೋನ್ ಮಾಡಲು ಮನಸ್ಸೇ ಬರುತ್ತಿರಲಿಲ್ಲ. ಇರಲಿ ಬಿಡು, ಕೊಡ್ತಾರೆ ಅನ್ನಿಸುತ್ತಿತ್ತು. ಇದು ಅವರ ಸೋಮಾರಿತನವಲ್ಲ. ಹಾಫನ್‌ಬ್ರಾಕ್ ಮತ್ತು ವೋಸ್ 2018ರಲ್ಲಿ ಇದನ್ನೇ ಕಂಡಿದ್ದರು. ಮೈಂಡ್‌ಫುಲ್‌ನೆಸ್ ಅಭ್ಯಾಸದ ಬೆನ್ನಿಗೇ ಕೆಲಸ ಕೊಟ್ಟರೆ ಅದನ್ನು ಮಾಡುವ ಹುರುಪು ಕಡಿಮೆಯಾಗಿರುತ್ತದೆ, ಮಾಡಿದ ಕೆಲಸದ ಗುಣಮಟ್ಟ ಮಾತ್ರ ಕೆಡುವುದಿಲ್ಲ. ಪರಿಹಾರ ಸುಲಭವಿತ್ತು. ಫೋನ್ ಮೊದಲು, ಕೂರುವುದು ಆಮೇಲೆ.

ಧ್ಯಾನದಿಂದ ಎಷ್ಟು ನಿರೀಕ್ಷಿಸಬಹುದು ಅನ್ನುವುದನ್ನೂ ಹೇಳಬೇಕು. 2014ರಲ್ಲಿ ಗೋಯಲ್ ಮತ್ತು ಸಂಗಡಿಗರು 47 ಪ್ರಯೋಗಗಳನ್ನು, ಒಟ್ಟು 3,515 ಜನರ ಮಾಹಿತಿಯನ್ನು ಸೇರಿಸಿ ನೋಡಿದರು. ಮೈಂಡ್‌ಫುಲ್‌ನೆಸ್ ಕಾರ್ಯಕ್ರಮಗಳಿಂದ ಆತಂಕ, ಖಿನ್ನತೆ, ನೋವು ಸ್ವಲ್ಪ ಇಳಿಯುತ್ತವೆ ಅನ್ನುವುದಕ್ಕೆ ಮಧ್ಯಮ ಮಟ್ಟದ ಆಧಾರ ಸಿಕ್ಕಿತು. ನಿದ್ದೆ, ಗಮನ ಸುಧಾರಿಸುತ್ತವೆ ಅನ್ನಲು ಹೇಳಿಕೊಳ್ಳುವಂಥ ಆಧಾರ ಸಿಗಲಿಲ್ಲ. ವ್ಯಾಯಾಮ, ಔಷಧಿ ಅಥವಾ ಬೇರೆ ಚಿಕಿತ್ಸೆಗಿಂತ ಮೇಲು ಅನ್ನುವುದಕ್ಕೂ ಇಲ್ಲ. ಈ ಪ್ರಕರಣವೂ ಅದಕ್ಕೆ ಹೊಂದುತ್ತದೆ. ಇವರ ನಿದ್ದೆ ಸರಿ ಮಾಡಿದ್ದು ಹತ್ತು ನಿಮಿಷದ ಕುರ್ಚಿಯಲ್ಲ, ಗುರುವಾರದ ಹಾಳೆ ಮತ್ತು ರಾತ್ರಿ ಪ್ರೂಫ್ ಬಂದ್ ಆದದ್ದು.

ಒಂದು ವರ್ಷದ ನಂತರ

ನಿದ್ದೆ ಏಳು ಗಂಟೆಯ ಆಸುಪಾಸು. ಮೂರು ಗಂಟೆಗೆ ಎಚ್ಚರವಾಗುವುದು ಪೂರ್ತಿ ನಿಂತಿಲ್ಲ, ಆದರೆ ಲೆಕ್ಕ ಶುರುವಾಗುವ ಮೊದಲೇ ಎಷ್ಟೋ ಸಲ ಮತ್ತೆ ನಿದ್ದೆ ಹತ್ತುತ್ತದೆ. ತಲೆನೋವು ತಿಂಗಳಿಗೆ ಒಂದೋ ಎರಡೋ. ಬಿಪಿ ಇನ್ನೂ ಡಾಕ್ಟರ್ ಕಣ್ಣಲ್ಲಿದೆ. ಅಂಕಿ ತಪ್ಪಿ ಮತ್ತೆ ಪ್ರಿಂಟ್ ಮಾಡಿದ ಪ್ರಸಂಗ ಆಮೇಲೆ ಬಂದಿಲ್ಲ.

ನಷ್ಟವೂ ಆಗಿದೆ. ರಾತ್ರಿ ಹತ್ತಕ್ಕೂ ಉತ್ತರ ಬೇಕು ಅನ್ನುತ್ತಿದ್ದ ಒಬ್ಬ ದೊಡ್ಡ ಗಿರಾಕಿ ಬೇರೆ ಕಡೆ ಹೋದರು. ಅರ್ಧ ಅಡ್ವಾನ್ಸ್ ಅಂದಾಗ ಒಂದಿಬ್ಬರು ಸಣ್ಣವರೂ ಹೋದರು. ಮೊದಲ ಮೂರು ತಿಂಗಳು ವಹಿವಾಟು ಇಳಿಯಿತು, ಆಮೇಲೆ ಹಳೇ ಮಟ್ಟಕ್ಕೆ ಬಂತು, ಮೇಲೇನೂ ಹೋಗಿಲ್ಲ. ಚೆನ್ನಾಗಿ ನಿದ್ದೆ ಮಾಡಿದರೆ ಲಾಭ ಎರಡು ಪಟ್ಟಾಗುತ್ತದೆ ಅನ್ನುವ ಕಥೆ ಇದಲ್ಲ. ಆ ದೊಡ್ಡ ಗಿರಾಕಿಯನ್ನು ಉಳಿಸಿಕೊಳ್ಳಬಹುದಿತ್ತೇನೋ ಅಂತ ಅವರಿಗೆ ಈಗಲೂ ಕೆಲವೊಮ್ಮೆ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ, ಆದರೆ ಸಂಬಳ ಕೊಡುವವಳು ನಾನಲ್ಲ.

ಕೆಲಸ ಒತ್ತುವ ತಿಂಗಳುಗಳಲ್ಲಿ ನಿಯಮ ಸಡಿಲವಾಗುತ್ತದೆ. ಕಳೆದ ಸಲ ಮೂರು ವಾರ ರಾತ್ರಿಯ ಪ್ರೂಫ್ ಮತ್ತೆ ಶುರುವಾಗಿತ್ತು. ಅದು ಅವರಿಗೆ ಗೊತ್ತಾದದ್ದು ಭುಜ ಬಿಗಿಯಾದಾಗ. ಪುಸ್ತಕ ತೆಗೆದು ಎರಡು ದಿನ ಗೆರೆ ಎಳೆದರು, ಎಲ್ಲಿ ಸೋರುತ್ತಿದೆ ಅಂತ ಕಂಡಿತು, ನಿಲ್ಲಿಸಿದರು.

ಈಗಿನ ಪ್ರಯತ್ನ ಒಂದು ವಾರ ಪೂರ್ತಿ ರಜೆ ಹಾಕುವುದು. ಪ್ರೆಸ್ ಶುರುವಾದಾಗಿನಿಂದ ಒಮ್ಮೆಯೂ ಹಾಕಿಲ್ಲ. ಮೊದಲು ಎರಡು ದಿನ ಹಾಕಿ ನೋಡಿದರು. ಪ್ರೆಸ್ ನಡೆಯಿತು, ಫೋನ್ ಬಂದದ್ದು ಒಂದೇ ವಿಷಯಕ್ಕೆ: ಆಫ್‌ಸೆಟ್ ಮೆಷಿನ್‌ಗೆ ಬೇಕಾದ ಪ್ಲೇಟ್ ಕೊಡುವ ಸಪ್ಲೈಯರ್ ರೇಟು ಏರಿಸಿದ್ದಾರೆ, ಒಪ್ಪಬೇಕಾ ಬೇಡವಾ. ಆ ಮಾತುಕತೆ ಇನ್ನೂ ಇವರ ತಲೆಯಲ್ಲೇ ಇದೆ, ಎಲ್ಲೂ ಬರೆದಿಲ್ಲ. ಹಳೇ ರೇಟುಗಳನ್ನೆಲ್ಲ ಒಂದು ಹಾಳೆಗೆ ಇಳಿಸುತ್ತಿದ್ದಾರೆ. ಹಾಳೆ ಆಪರೇಟರ್ ಕೈಗೆ ಹೋಗಬೇಕೋ ಡಿಸೈನರ್ ಕೈಗೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.